ಪಾರ್ಕ್ ಸ್ಟ್ರೀಟ್ ಹಾಡಿದ ಕಾಲ

1902ರ ನವೆಂಬರ್. ಕಲ್ಕತ್ತೆ ಆಗಿನ್ನೂ ಬ್ರಿಟಿಷ್ ಇಂಡಿಯಾದ ರಾಜಧಾನಿ. ಲಂಡನ್ನಿನ ಗ್ರಾಮಫೋನ್ ಕಂಪನಿ ಕಳಿಸಿದ್ದ ಫ್ರೆಡ್ ಗೈಸ್‌ಬರ್ಗ್ ಹೋಟೆಲೊಂದರ ಕೋಣೆಯಲ್ಲಿ ಯಂತ್ರ ಹೂಡಿಕೊಂಡು ಕುಳಿತಿದ್ದ. ಅವನ ಮುಂದೆ ಬಂದು ನಿಂತವರು ಆ ನಗರದ ಹೆಸರಾಂತ ಗಾಯಕಿ ಗೌಹರ್ ಜಾನ್. ಕಹಳೆಯ ಬಾಯಿಗೆ ಮುಖವಿಟ್ಟು, ಗಂಟೆಗಟ್ಟಲೆ ಬೆಳೆಸಬಲ್ಲ ಗಾಯನವನ್ನು ಮೂರು ನಿಮಿಷಕ್ಕೆ ಇಳಿಸಿ ಹಾಡಿದರು. ಹಾಡು ಮುಗಿಯುತ್ತಲೇ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರಿದರು. ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟಾಗಿ ಬರಬೇಕಿತ್ತು. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಈ ಏರ್ಪಾಡು. ಮೂರು ನಿಮಿಷದ ಹಾಡು, ಹಾಡಿಗಂಟಿದ ಹೆಸರು, ಹೆಸರಿನ ಬೆನ್ನುಹತ್ತಿದ ಅಭಿಮಾನಿಗಳು: ಜಗತ್ತು ಮುಂದೆ ಪಾಪ್ ಸಂಗೀತ ಎಂದು ಕರೆದದ್ದರ ಲಕ್ಷಣಗಳೆಲ್ಲ ಕಲ್ಕತ್ತೆಯಲ್ಲಿ ಆಗಲೇ ಮೊಳೆತಿದ್ದವು. ಬೀಟಲ್ಸ್ ತಂಡದ ನಾಲ್ವರು ಹುಟ್ಟಲು ಇನ್ನೂ ನಾಲ್ಕು ದಶಕ ಬಾಕಿಯಿತ್ತು.

ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ ಮೈಸೂರಿಗೆ ಬಂದರು. 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. ಭಾರತದ ಧ್ವನಿಮುದ್ರಣದ ಮೊದಲ ತಾರೆ ಬೆಳಗಿದ ನಗರ ಕಲ್ಕತ್ತೆ, ಕಣ್ಣು ಮುಚ್ಚಿದ ಊರು ಮೈಸೂರು. ಕನ್ನಡ ನಾಡಿಗೂ ಹೂಗ್ಲಿ ದಂಡೆಗೂ ನಡುವೆ ಸಂಗೀತದ ಹಾದಿಯೊಂದು ಹೀಗೆ ಬಿದ್ದಿತು. ಮುಂದಿನ ಅರವತ್ತು ಎಪ್ಪತ್ತು ವರ್ಷ ಆ ಹಾದಿಯಲ್ಲಿ ಓಡಾಡಿದವರ ಕಥೆಯನ್ನು ನಮ್ಮ ಸಂಗೀತ ಚರಿತ್ರೆ ಸರಿಯಾಗಿ ಬರೆದಿಟ್ಟಿಲ್ಲ. ರಾಕ್ ಮತ್ತು ಪಾಪ್ ಎಂದರೆ ಹಡಗಿನಿಂದ ಇಳಿದ ಸರಕು, ಶ್ರೀಮಂತರ ಮಕ್ಕಳ ಶೋಕಿ ಎಂದು ತಳ್ಳಿಹಾಕಿದ್ದೇ ಹೆಚ್ಚು. ಕಲ್ಕತ್ತೆಯ ಮಟ್ಟಿಗಾದರೂ ಆ ಮಾತು ನಿಜವಲ್ಲ. ಆ ನಗರ ಈ ಸಂಗೀತವನ್ನು ಆಮದು ಮಾಡಿಕೊಂಡು ಸುಮ್ಮನೆ ಕೂರಲಿಲ್ಲ. ಅದನ್ನು ಅಚ್ಚುಹಾಕಿತು, ಅದರ ವಾದ್ಯ ಮಾಡಿತು, ಅದರ ಪತ್ರಿಕೆ ಮುದ್ರಿಸಿತು, ಕೊನೆಗೆ ತನ್ನ ನುಡಿಯಲ್ಲೇ ಹೊಸದಾಗಿ ಬರೆಯಿತು.

ಅಚ್ಚುಹಾಕಿದ್ದು ದಮ್‌ದಮ್‌ನಲ್ಲಿ. 1908ರಲ್ಲಿ ಸಿಯಾಲ್ದಾದಲ್ಲಿ ಶುರುವಾದ ಗ್ರಾಮಫೋನ್ ಕಂಪನಿಯ ಕಾರ್ಖಾನೆ 1920ರ ದಶಕದ ಕೊನೆಗೆ ಅಲ್ಲಿಗೆ ಸ್ಥಳಾಂತರವಾಯಿತು. ಹಳೆಯ ಕಪ್ಪು ಪ್ಲೇಟುಗಳ ಮುಖ್ಯ ದ್ರವ್ಯ ಅರಗು. ಅದು ಬರುತ್ತಿದ್ದದ್ದು ಛೋಟಾ ನಾಗಪುರದ ಕಾಡುಗಳಲ್ಲಿ ಹುಳು ಕಟ್ಟಿದ ಕೊಂಬೆಗಳಿಂದ. ಜಗತ್ತಿಗೆ ಹೊರಡುತ್ತಿದ್ದದ್ದು ಕಲ್ಕತ್ತೆಯ ಬಂದರಿನಿಂದ. ಇಂಗ್ಲೆಂಡಿನಲ್ಲಿ 78 ಸುತ್ತಿನ ಪ್ಲೇಟುಗಳ ಕಾಲ 1960ರ ಹೊತ್ತಿಗೇ ಮುಗಿದಿತ್ತು. ಭಾರತದಲ್ಲಿ ಮಾತ್ರ ಕರೆಂಟಿಲ್ಲದ ಮನೆಗಳಲ್ಲಿ ಕೀಲಿ ಕೊಟ್ಟು ತಿರುಗಿಸುವ ಪೆಟ್ಟಿಗೆಗಳು ಇನ್ನೂ ಹಾಡುತ್ತಿದ್ದವು. ಹಾಗಾಗಿ ಲಿವರ್‌ಪೂಲಿನ ಹುಡುಗರ ಹೊಚ್ಚ ಹೊಸ ಹಾಡುಗಳು ಇಲ್ಲಿ ಅಜ್ಜಂದಿರ ಕಾಲದ 78 ಸುತ್ತಿನ ಭಾರದ ಪ್ಲೇಟುಗಳ ಮೇಲೆ ಅಚ್ಚಾದವು. ಬೀಟಲ್ಸ್ ಸಂಗೀತ ಸಂಗ್ರಹಿಸುವವರು ಇಂದು ಪ್ರಪಂಚದ ಮೂಲೆಮೂಲೆಯಲ್ಲಿ ಹುಡುಕಿ, ಭಾರಿ ಬೆಲೆ ತೆತ್ತು ಕೊಳ್ಳುವುದು ಇವೇ ಭಾರತೀಯ ಪ್ಲೇಟುಗಳನ್ನು. ಕೈಗೆತ್ತಿಕೊಂಡರೆ ಹಂಚಿನಷ್ಟು ತೂಕ, ಕೈಜಾರಿದರೆ ಚೂರುಚೂರು.

ರಾಕ್‌ಗೆ ಮುಂಚೆ ಜಾಝ್ ಬಂದಿತ್ತು. ಅಮೆರಿಕದ ಕಪ್ಪು ಪಿಯಾನೋ ವಾದಕ ಟೆಡ್ಡಿ ವೆದರ್‌ಫೋರ್ಡ್ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಚೌರಂಗಿಯ ಗ್ರ್ಯಾಂಡ್ ಹೋಟೆಲಿನಲ್ಲಿ ವಾದ್ಯವೃಂದ ನಡೆಸುತ್ತಿದ್ದರು. 1945ರಲ್ಲಿ ಕಾಲರಾಕ್ಕೆ ತುತ್ತಾಗಿ ಅದೇ ನಗರದಲ್ಲಿ ತೀರಿಕೊಂಡರು. ಅವರ ಸುತ್ತ ಕಲಿತ ಆಂಗ್ಲೋ ಇಂಡಿಯನ್, ಗೋವನ್, ನೇಪಾಳಿ ವಾದಕರು ಮುಂದಿನ ತಲೆಮಾರಿಗೆ ಗುರುಗಳಾದರು. ಹೂಗ್ಲಿಯ ಆಚೆ ದಡದ ಹೌರಾದಲ್ಲಿ, ಸ್ವಾತಂತ್ರ್ಯದ ಆಸುಪಾಸಿನಲ್ಲಿ, ಹ್ಯಾರಿ ವೆಬ್ ಎಂಬ ಹುಡುಗ ಶಾಲೆಗೆ ಹೋಗುತ್ತಿದ್ದ. ಹುಟ್ಟಿದ್ದು 1940ರಲ್ಲಿ ಲಖನೌದಲ್ಲಿ. 1948ರಲ್ಲಿ ಕುಟುಂಬ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಹತ್ತು ವರ್ಷ ಕಳೆಯುವುದರೊಳಗೆ ಆ ಹುಡುಗ ಕ್ಲಿಫ್ ರಿಚರ್ಡ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಮೊದಲ ದೊಡ್ಡ ರಾಕ್ ತಾರೆಗಳಲ್ಲಿ ಒಬ್ಬನಾದ.

ಇನ್ನು ಪಾರ್ಕ್ ಸ್ಟ್ರೀಟ್. ಚೌರಂಗಿಯಿಂದ ಪೂರ್ವಕ್ಕೆ ಹೊರಳುವ ಈ ಬೀದಿಯ ಮೊದಲ ಅರ್ಧ ಮೈಲಿಯಲ್ಲಿ 1950 ಮತ್ತು 60ರ ದಶಕಗಳಲ್ಲಿ ನಡೆದಷ್ಟು ಸಂಗೀತ ದೇಶದ ಇನ್ನಾವ ಬೀದಿಯಲ್ಲೂ ನಡೆದಿರಲಾರದು. 1927ರಲ್ಲಿ ಸ್ವಿಸ್ ದಂಪತಿ ತೆರೆದ ಫ್ಲೂರೀಸ್ ಎಂಬ ಚಹಾ ಅಂಗಡಿ ಒಂದು ಕಡೆ. ಅದರೆದುರು ಟ್ರಿಂಕಾಸ್, ಅದೂ ಸ್ವಿಸ್ ಮೂಲದ್ದೇ, 1959ರಲ್ಲಿ ಓಂ ಪ್ರಕಾಶ್ ಪುರಿ ಮತ್ತು ಎಲಿಸ್ ಜೋಶುವಾ ಕೈಗೆ ಬಂತು. 1956ರಲ್ಲಿ ತೆರೆದ ಮೊಕಾಂಬೊ, ಬ್ಲೂ ಫಾಕ್ಸ್, ಮುಲಾ ರೂಜ್, ಸ್ಕೈ ರೂಮ್. ಹೆಚ್ಚಿನ ಕಡೆ ಸಂಜೆಯಾಯಿತೆಂದರೆ ವೇದಿಕೆ, ವಾದ್ಯತಂಡ, ಗಾಯಕಿ. ಮೊಕಾಂಬೊದ ಪ್ಯಾಮ್ ಕ್ರೇನ್ ಅವರನ್ನು ಜನ ಪಾರ್ಕ್ ಸ್ಟ್ರೀಟಿನ ರಾಣಿ ಎಂದರು. ಡಾರ್ಜಿಲಿಂಗಿನಿಂದ ಬಂದ ಲೂಯಿ ಬ್ಯಾಂಕ್ಸ್ ಬ್ಲೂ ಫಾಕ್ಸ್‌ನ ಪಿಯಾನೋ ಮುಂದೆ ಕುಳಿತು ಜಾಝ್ ಕಟ್ಟಿದರು. ಅವರನ್ನು ಅಲ್ಲಿ ಕೇಳಿ ಮೆಚ್ಚಿ ಮುಂಬೈಗೆ ಕರೆಸಿಕೊಂಡವರು ಕಲ್ಕತ್ತೆಯಲ್ಲೇ ಹುಟ್ಟಿದ್ದ ಆರ್. ಡಿ. ಬರ್ಮನ್.

ಈ ಬೀದಿಗೆ ನಮ್ಮವರೂ ಬಂದರು. ಕೊಡವ ಮನೆತನದ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಗಿಟಾರ್ ಹಿಡಿದು, ಗೆಳೆಯರ ಜತೆ ಟ್ರೋಜನ್ಸ್ ಎಂಬ ತಂಡ ಕಟ್ಟಿದ್ದ ಯುವಕ. ಅವರ ಪಾಲಿಗೆ ಪಾಠಶಾಲೆ ರೇಡಿಯೋ ಸಿಲೋನ್. ದಂಡು ಪ್ರದೇಶದ ಕ್ಲಬ್ಬುಗಳಲ್ಲಿ ಹಾಡಿ ಸಾಕಾಗಿ, ತಂಡ ಕಲ್ಕತ್ತೆಯ ಟ್ರಿಂಕಾಸ್‌ಗೆ ಬಂದು ಹಾಡಿತು. ಬೆಂಗಳೂರಿನ ಹುಡುಗರಿಗೆ ಅದೊಂದು ಪಟ್ಟಾಭಿಷೇಕವೇ ಸರಿ. ಏಕೆಂದರೆ ಟ್ರಿಂಕಾಸ್‌ನಲ್ಲಿ ಕುಳಿತು ಕೇಳುತ್ತಿದ್ದವರಿಗೆ ಹೊಸ ಹಾಡುಗಳೆಲ್ಲ ಬಾಯಿಪಾಠವಾಗಿದ್ದವು, ಒಂದು ಸ್ವರ ತಪ್ಪಿದರೂ ಕತ್ತೆತ್ತಿ ನೋಡುತ್ತಿದ್ದರು. ತಂಡ ಒಡೆದ ಮೇಲೆ ಬಿದ್ದು ಮುಂಬೈಯಲ್ಲಿ ಒಂಟಿಯಾಗಿ ಹಾಡಿ, 1960ರ ದಶಕ ಮುಗಿಯುವ ಮೊದಲೇ ಲಂಡನ್ ಸೇರಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನ ಹಾಡೊಂದರ ಮುದ್ರಣ ಮುಗಿದು, ಪ್ಲೇಟಿನ ಇನ್ನೊಂದು ಮಗ್ಗುಲಿಗೆ ಏನಾದರೂ ಬೇಕಲ್ಲ ಎಂದು ಉಳಿದ ಅಲ್ಪ ಸಮಯದಲ್ಲಿ ಮುಗಿಸಿದ ಹಾಡು ‘ಕುಂಗ್ ಫೂ ಫೈಟಿಂಗ್’. ಆ ವರ್ಷ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಅದು ಮೊದಲ ಸ್ಥಾನಕ್ಕೇರಿತು. 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕಾಗಿ ನಾಜಿಯಾ ಹಸನ್ ಅವರಿಂದ ಹಾಡಿಸಿ ಇಡೀ ಉಪಖಂಡಕ್ಕೆ ಡಿಸ್ಕೊ ಹುಚ್ಚು ಹಿಡಿಸಿದವರೂ ಇವರೇ. ಲಂಡನ್ನಿನ ಸ್ಟುಡಿಯೋಗಳಲ್ಲಿ ಅವರಿಗೆ ಒದಗಿಬಂದದ್ದು ಪ್ರತಿ ರಾತ್ರಿ ಬೇರೆ ಬೇರೆ ಜನರೆದುರು ಹಾಡಿ ಗಳಿಸಿದ ಕಿವಿ ಎಂದು ನಾನು ನಂಬುತ್ತೇನೆ. ಆ ಗಳಿಕೆಯಲ್ಲಿ ಪಾರ್ಕ್ ಸ್ಟ್ರೀಟಿನ ಪಾಲು ದೊಡ್ಡದು.

ಬೆಂಗಳೂರಿನಲ್ಲೇ ಹುಟ್ಟಿದ ಇನ್ನೊಬ್ಬರು ಕಾರ್ಲ್‌ಟನ್ ಕಿಟ್ಟೊ. ಬಿದ್ದು ಪಾರ್ಕ್ ಸ್ಟ್ರೀಟನ್ನು ದಾಟಿ ಹೋದರು, ಕಿಟ್ಟೊ ಬಂದವರು ಅಲ್ಲೇ ಉಳಿದರು. 1970ರ ದಶಕದಲ್ಲಿ ಕಲ್ಕತ್ತೆ ಸೇರಿ, ಲೂಯಿ ಬ್ಯಾಂಕ್ಸ್ ಜತೆ ನುಡಿಸಿ, ಬೀಬಾಪ್ ಎಂಬ ಜಾಝ್‌ನ ಕಠಿಣ ಶೈಲಿಯನ್ನು ಗಿಟಾರಿನಲ್ಲಿ ಸಾಧಿಸಿದರು. ಗುರುವಿಲ್ಲದೆ, ಪ್ಲೇಟು ಕೇಳಿ ಕೇಳಿ ಕಲಿತ ವಿದ್ಯೆ ಅದು. ಸಾಲಿನ ತುದಿ ಸಿಗುವತನಕ ಮುಳ್ಳನ್ನು ಮತ್ತೆ ಮತ್ತೆ ಅದೇ ಜಾಗಕ್ಕೆ ಇಳಿಸಿ ಕಲಿಯುವ ಆ ಕಷ್ಟ ಬಲ್ಲವರೇ ಬಲ್ಲರು. ಜತೆಗಾರರು ಮುಂಬೈ ಸಿನಿಮಾಕ್ಕೋ ಆಸ್ಟ್ರೇಲಿಯಾಕ್ಕೋ ಹೊರಟುಹೋದರೂ ಕಿಟ್ಟೊ ಹೋಗಲಿಲ್ಲ. ಕ್ಯಾಲ್ಕಟ್ಟಾ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಹುಡುಗರಿಗೆ ಪಾಠ ಹೇಳಿದರು. ಭಾರತದ ಜಾಝ್ ಕುರಿತ ಸಾಕ್ಷ್ಯಚಿತ್ರವೊಂದು ಅವರ ಹೆಸರನ್ನೇ ತಲೆಬರಹವಾಗಿ ಹೊತ್ತಿತು. 2016ರ ನವೆಂಬರಿನಲ್ಲಿ ಕೋಲ್ಕತ್ತದಲ್ಲೇ ತೀರಿಕೊಂಡರು. ಕರ್ನಾಟಕದಲ್ಲಿ ಹುಟ್ಟಿದ ದೊಡ್ಡ ವಾದಕರ ಪಟ್ಟಿ ಹಾಕುವಾಗ ಈ ಹೆಸರು ಎಲ್ಲೂ ಕಾಣದಿರುವುದು ನನಗೆ ನಿಜವಾದ ನೋವಿನ ಸಂಗತಿ.

1969ರಲ್ಲಿ ಟ್ರಿಂಕಾಸ್ ವೇದಿಕೆಗೆ ಬಂದ ಹೆಣ್ಣುಮಗಳು ಆ ಬೀದಿಯ ರೂಢಿಯನ್ನೇ ತಿರುಗಿಸಿಬಿಟ್ಟರು. ನೈಟ್‌ಕ್ಲಬ್ಬಿನ ಗಾಯಕಿಯೆಂದರೆ ಗೌನು ತೊಟ್ಟವಳು ಎಂಬುದೇ ಅಲ್ಲಿಯತನಕದ ವಾಡಿಕೆ. ಉಷಾ ಅಯ್ಯರ್ ಬಂದದ್ದು ಕಾಂಜೀವರಂ ಸೀರೆ ಉಟ್ಟು, ಹಣೆಗೆ ಅಗಲ ಬೊಟ್ಟಿಟ್ಟು, ಕೈತುಂಬ ಬಳೆ ತೊಟ್ಟು, ಮುಡಿಗೆ ಹೂ ಮುಡಿದು. ಶಾಲೆಯಲ್ಲಿ ದನಿ ಒರಟೆಂದು ಸಂಗೀತ ತರಗತಿಯಿಂದ ಹೊರಗಿಟ್ಟಿದ್ದ ಹುಡುಗಿ. ಆ ಗಡಸು ದನಿಯಲ್ಲೇ ಇಂಗ್ಲಿಷ್ ಪಾಪ್ ಹಾಡುಗಳನ್ನು ಹಾಡಿದಾಗ ಊಟದ ಮೇಜುಗಳ ಮುಂದೆ ಕುಳಿತವರು ಚಮಚ ಕೆಳಗಿಟ್ಟು ಕೇಳಿದರು. ಮದ್ರಾಸಿನ ಮೌಂಟ್ ರೋಡಿನ ಕ್ಲಬ್ಬಿನಲ್ಲಿ ಶುರುವಾದ ಅವರ ಹಾಡುಗಾರಿಕೆಗೆ ಕಲ್ಕತ್ತೆಯಲ್ಲಿ ನೆಲೆ ಸಿಕ್ಕಿತು. ಪತಿ ಜಾನಿ ಉತ್ತುಪ್ ಅವರ ಪರಿಚಯವಾದದ್ದೂ ಟ್ರಿಂಕಾಸ್‌ನಲ್ಲೇ. 1980ರ ದಶಕದ ಆರಂಭದಲ್ಲಿ ರಾಜ್ಯದ ಲೋಕೋಪಯೋಗಿ ಸಚಿವ ಜತಿನ್ ಚಕ್ರವರ್ತಿ ಅವರು ಇವರ ಗಾಯನವನ್ನು ಅಪಸಂಸ್ಕೃತಿ ಎಂದು ಕರೆದು ಸರ್ಕಾರಿ ಸಭಾಂಗಣಗಳ ಬಾಗಿಲು ಮುಚ್ಚಿಸಿದಾಗ ಉಷಾ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಕನ್ನಡವೂ ಸೇರಿದಂತೆ ಹತ್ತಾರು ಭಾಷೆಗಳಲ್ಲಿ ಹಾಡಿದ ಅವರಿಗೆ 2011ರಲ್ಲಿ ಪದ್ಮಶ್ರೀ, 2024ರಲ್ಲಿ ಪದ್ಮಭೂಷಣ ಬಂತು.

ಆ ಕಾಲದ ತರುಣರನ್ನು ಊರೂರಲ್ಲಿ ಒಂದುಗೂಡಿಸಿದ್ದು ಒಂದು ಪತ್ರಿಕೆ. ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಬಳಗದಿಂದ 1967ರಲ್ಲಿ ಡೆಸ್ಮಂಡ್ ಡೋಯಿಗ್ ಸಂಪಾದಕತ್ವದಲ್ಲಿ ಹೊರಟ ‘ಜೂನಿಯರ್ ಸ್ಟೇಟ್ಸ್‌ಮನ್’, ಓದುಗರ ಬಾಯಲ್ಲಿ ಜೆಎಸ್. ತಂಡಗಳ ಸುದ್ದಿ, ಹೊಸ ಪ್ಲೇಟುಗಳ ವಿಮರ್ಶೆ, ಕತ್ತರಿಸಿ ಗೋಡೆಗೆ ಅಂಟಿಸಬಹುದಾದ ಬಣ್ಣದ ಚಿತ್ರಗಳು. 1977ರಲ್ಲಿ ಅದು ನಿಂತಿತು. ಇನ್ನೊಂದು ಕೊಡುಗೆ ಕಣ್ಣಿಗೆ ಬೀಳದಂಥದ್ದು. ಬೆಂಗಳೂರು, ಮೈಸೂರು, ಮಂಗಳೂರಿನ ಎಷ್ಟೋ ಹುಡುಗ ಹುಡುಗಿಯರು ಮೊದಲ ಬಾರಿಗೆ ಬೆರಳು ಸೀಳಿಸಿಕೊಂಡ ಅಗ್ಗದ ಗಿಟಾರುಗಳ ಮೇಲೆ ಗಿವ್‌ಸನ್, ಹಾಬ್ನರ್ ಎಂಬ ಹೆಸರಿರುತ್ತಿತ್ತು. ಅವು ತಯಾರಾಗುತ್ತಿದ್ದದ್ದು ಕಲ್ಕತ್ತೆಯಲ್ಲಿ. ಲಂಡನ್, ಅಮೆರಿಕದ ಗಿಟಾರು ಕನಸಿನ ಮಾತಾಗಿದ್ದ ದಿನಗಳಲ್ಲಿ ಒಂದು ದೇಶದ ಮಕ್ಕಳ ಕೈಗೆ ವಾದ್ಯ ಕೊಟ್ಟ ಕುಶಲಕರ್ಮಿಗಳು ಅವರು.

1967ರ ಕೊನೆಯಲ್ಲಿ ಬಾಬ್ ಡಿಲನ್ ಹೊರತಂದ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಮ್ಮಿನ ಹೊದಿಕೆಯ ಮೇಲೆ ಆತನ ಇಕ್ಕೆಲಗಳಲ್ಲಿ ಇಬ್ಬರು ಬಂಗಾಳಿಗಳು ನಿಂತಿದ್ದಾರೆ: ಬಾವುಲ್ ಗಾಯಕರಾದ ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್. ಡಿಲನ್ನನ ವ್ಯವಸ್ಥಾಪಕ ಆಲ್ಬರ್ಟ್ ಗ್ರಾಸ್‌ಮನ್ ಅವರನ್ನು ಅಮೆರಿಕಕ್ಕೆ ಕರೆಸಿಕೊಂಡಿದ್ದ. ಏಕತಾರಿ ಹಿಡಿದು ಊರೂರು ಅಲೆಯುವ ಬಾವುಲರೆಂದರೆ ನಮ್ಮ ತತ್ವಪದಕಾರರ ಬಳಗದವರೇ. ಪಾರ್ಕ್ ಸ್ಟ್ರೀಟಿನ ಹುಡುಗರು ಡಿಲನ್ನನ ಕಡೆ ನೋಡುತ್ತಿದ್ದಾಗ ಡಿಲನ್ ಬಂಗಾಳದ ಹಳ್ಳಿಯ ಕಡೆ ನೋಡುತ್ತಿದ್ದ.

1971 ಬಂತು. ಪೂರ್ವ ಬಂಗಾಳದ ರಕ್ತಪಾತದಿಂದ ತಪ್ಪಿಸಿಕೊಂಡು ಸುಮಾರು ಒಂದು ಕೋಟಿ ಜನ ಭಾರತದೊಳಗೆ ನಡೆದು ಬಂದರು. ಕಲ್ಕತ್ತೆಯ ಅಂಚಿನ ಸಾಲ್ಟ್ ಲೇಕ್‌ನಲ್ಲಿ ಹೊಸ ಬಡಾವಣೆಗೆಂದು ತಂದು ಹಾಕಿದ್ದ ಸಿಮೆಂಟಿನ ದೊಡ್ಡ ಕೊಳವೆಗಳೊಳಗೆ ಕುಟುಂಬಗಳು ಬಿಡಾರ ಹೂಡಿದವು. ಬಾಯಿಗೆ ಹರಕು ಸೀರೆಯ ಪರದೆ, ಒಳಗೆ ಅಡುಗೆ, ಒಳಗೇ ಬಾಣಂತನ, ಒಳಗೇ ಸಾವು. ಬಂಗಾಳಿಯಾದ ರವಿಶಂಕರ್ ಈ ಸಂಕಟವನ್ನು ಶಿಷ್ಯ ಜಾರ್ಜ್ ಹ್ಯಾರಿಸನ್ ಮುಂದೆ ತೋಡಿಕೊಂಡರು. ಕೆಲವೇ ವಾರಗಳಲ್ಲಿ, ಆಗಸ್ಟ್ 1ರಂದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಎರಡು ಪ್ರದರ್ಶನ ನಡೆದವು. ಡಿಲನ್, ಎರಿಕ್ ಕ್ಲಾಪ್ಟನ್, ರಿಂಗೊ ಸ್ಟಾರ್, ಬಿಲ್ಲಿ ಪ್ರೆಸ್ಟನ್ ಹಾಡಿ ನುಡಿಸಿದರು. ಸೇರಿದವರು ಒಟ್ಟು ಸುಮಾರು 40,000. ಮೊದಲು ವೇದಿಕೆಗೆ ಬಂದವರು ಸಿತಾರಿನ ರವಿಶಂಕರ್, ಸರೋದಿನ ಅಲಿ ಅಕ್ಬರ್ ಖಾನ್, ತಬಲಾದ ಅಲ್ಲಾ ರಖಾ, ತಂಬೂರಿಯ ಕಮಲಾ ಚಕ್ರವರ್ತಿ. ಅವರು ಶ್ರುತಿ ಮಾಡಿಕೊಂಡು ಮುಗಿಸಿದ್ದೇ ತಡ ಸಭೆ ಚಪ್ಪಾಳೆ ತಟ್ಟಿತು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ದರೆ ಕಛೇರಿ ಇನ್ನೂ ಹಿಡಿಸೀತು ಎಂದರು ರವಿಶಂಕರ್. ಟಿಕೆಟ್ಟಿನಿಂದ ಕೂಡಿದ ಹಣ ಸುಮಾರು ಎರಡು ಲಕ್ಷ ನಲವತ್ತಮೂರು ಸಾವಿರ ಡಾಲರ್ ಯುನಿಸೆಫ್‌ಗೆ ಸಂದಿತು. ಆಲ್ಬಮ್ಮಿನ ಗಳಿಕೆ ಮಾತ್ರ ಅಮೆರಿಕದ ತೆರಿಗೆ ಇಲಾಖೆಯ ಕಡತಗಳಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ರಾಕ್ ಸಂಗೀತಗಾರರು ಲೋಕದ ದುಃಖಕ್ಕೆ ಹೆಗಲು ಕೊಡುವ ಪರಿಪಾಠಕ್ಕೆ ಬುನಾದಿ ಬಿದ್ದದ್ದು ಅಂದು, ಬಂಗಾಳದ ಹೆಸರಿನಲ್ಲಿ.

ಇಷ್ಟೆಲ್ಲ ಹೇಳಿದರೂ, ಈ ನಗರದ ಅತಿ ದೊಡ್ಡ ಗಳಿಗೆ ಯಾವುದೆಂದು ಕೇಳಿದರೆ ನಾನು ತೋರಿಸುವುದು 1977ರಲ್ಲಿ ಹೊರಬಂದ, ಹೆಚ್ಚು ಮಾರಾಟವಾಗದ ಒಂದು ಪುಟ್ಟ ಪ್ಲೇಟನ್ನು.

ಗೌತಮ್ ಚಟ್ಟೋಪಾಧ್ಯಾಯ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿ. ಆಂಗ್ಲೋ ಇಂಡಿಯನ್ ಗೆಳೆಯರ ತಂಡದೊಂದಿಗೆ ಪಾರ್ಕ್ ಸ್ಟ್ರೀಟಿನಲ್ಲಿ ಗಿಟಾರ್ ನುಡಿಸಿದವರು. ಅದೇ ಕೈ ನಕ್ಸಲ್ ಚಳವಳಿಗೂ ಸೇರಿತು. ಸೆರೆಮನೆ ಕಂಡು, ಹೊರಬಂದ ಮೇಲೆ ಕೆಲಕಾಲ ಭೋಪಾಲ, ಜಬಲ್‌ಪುರಗಳಲ್ಲಿದ್ದು ಊರಿಗೆ ಮರಳಿದಾಗ ಅವರ ಕಿವಿಯಲ್ಲಿ ಎರಡು ದನಿಗಳಿದ್ದವು: ಪಾರ್ಕ್ ಸ್ಟ್ರೀಟಿನ ಎಲೆಕ್ಟ್ರಿಕ್ ಗಿಟಾರ್ ಮತ್ತು ಬಾವುಲರ ಏಕತಾರಿ. ತಮ್ಮಂದಿರನ್ನೂ ಗೆಳೆಯರನ್ನೂ ಕೂಡಿಸಿ ಏಳು ಜನರ ತಂಡ ಕಟ್ಟಿದರು. ಸಪ್ತರ್ಷಿ, ತೀರಂದಾಜ್ ಎಂದೆಲ್ಲ ಹೆಸರಿಟ್ಟು ಬಿಟ್ಟು, ಕೊನೆಗೆ ತಂಡದ ರಂಜನ್ ಘೋಷಾಲ್ ಸೂಚಿಸಿದ ಹೆಸರು ನಿಂತಿತು: ಮೊಹೀನೇರ್ ಘೋರಾಗುಲಿ. ಜೀವನಾನಂದ ದಾಸರ ಕವಿತೆಯೊಂದರಲ್ಲಿ ಬರುವ ಕುದುರೆಗಳು ಅವು. 1977, 1978, 1979ರಲ್ಲಿ ಒಂದೊಂದು ಪ್ಲೇಟು. ಗಿಟಾರ್, ಸ್ಯಾಕ್ಸೊಫೋನ್, ಪಿಟೀಲು, ಡ್ರಮ್ಸ್. ಮಾತು ಮಾತ್ರ ಟ್ರಾಮ್ ಹತ್ತಿ ಕೆಲಸ ಹುಡುಕುವ ಕಲ್ಕತ್ತೆಯ ಹುಡುಗನದು.

ರವೀಂದ್ರ ಸಂಗೀತದ ಪಾವಿತ್ರ್ಯಕ್ಕೆ ಒಗ್ಗಿದ್ದ ಮನೆಗಳಿಗೆ ಇದು ಹಾಡೆಂದೇ ಅನಿಸಲಿಲ್ಲ. ಕನ್ನಡದಲ್ಲಿ ಅದೇ 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ನಾಡು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ನಮಗೆ ಹೊಸ ಹಾಡು ಕೊಟ್ಟವರು ಕವಿಗಳು, ಜನ ಕಾದಿದ್ದರು. ಅಲ್ಲಿ ಹಾಡಿದವರೇ ಬರೆದರು, ಬರೆದವರೇ ನುಡಿಸಿದರು, ಕಾದವರು ಯಾರೂ ಇರಲಿಲ್ಲ. 1981ರಲ್ಲಿ ತಂಡ ಚದುರಿತು. ಗೌತಮ್ ಸಿನಿಮಾ ಮಾಡಿದರು. 1983ರ ‘ನಾಗಮತಿ’ಗೆ ರಾಷ್ಟ್ರಪ್ರಶಸ್ತಿ ಬಂತು.

ಪಾರ್ಕ್ ಸ್ಟ್ರೀಟೂ ಅಷ್ಟರಲ್ಲಿ ಸೊರಗಿತ್ತು. ಮನರಂಜನಾ ತೆರಿಗೆ, ಗಂಟೆಗಟ್ಟಲೆ ಕೈಕೊಡುವ ಕರೆಂಟು, ನಗರ ಬಿಟ್ಟು ಹೊರಟ ಕಂಪನಿಗಳು, ಆಸ್ಟ್ರೇಲಿಯಾ ಕೆನಡಾಗಳಿಗೆ ವಲಸೆ ಹೋದ ಆಂಗ್ಲೋ ಇಂಡಿಯನ್ ಕುಟುಂಬಗಳು. ವಾದಕರು ಮುಂಬೈ ದಾರಿ ಹಿಡಿದರು. ವೇದಿಕೆಗಳ ಮೇಲೆ ಮೇಜು ಕುರ್ಚಿ ಬಂದವು.

1992ರಲ್ಲಿ ಸುಮನ್ ಚಟ್ಟೋಪಾಧ್ಯಾಯರ ‘ತೋಮಾಕೆ ಚಾಯ್’ ಬಂದು, ಗಿಟಾರ್ ಹಿಡಿದ ಒಬ್ಬನೇ ಮನುಷ್ಯ ಬಂಗಾಳಿಯಲ್ಲಿ ಇಡೀ ನಗರವನ್ನು ಹಾಡಬಲ್ಲ ಎಂದು ತೋರಿಸಿದ ಮೇಲೆ ಜನರ ಕಿವಿ ಹದವಾಯಿತು. 1995ರ ಪುಸ್ತಕ ಮೇಳದಲ್ಲಿ ಗೌತಮ್ ಕಿರಿಯರನ್ನು ಜತೆ ಮಾಡಿಕೊಂಡು ‘ಆಬಾರ್ ಬೊಛರ್ ಕುಡಿ ಪೊರೆ’ ಕ್ಯಾಸೆಟ್ ತಂದರು. ಇಪ್ಪತ್ತು ವರ್ಷ ಯಾರಿಗೂ ಬೇಡವಾಗಿದ್ದ ಸಂಗೀತ ಕಾಲೇಜು ಅಂಗಳಗಳಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಕ್ಯಾಕ್ಟಸ್, ಚಂದ್ರಬಿಂದು, ಫಾಸಿಲ್ಸ್, ಭೂಮಿ ಮುಂತಾದ ಬಂಗಾಳಿ ತಂಡಗಳ ಸುಗ್ಗಿಗೆ ಅದು ಹಾದಿ ಹದಮಾಡಿತು. 1999ರ ಜೂನ್ 20ರಂದು ಗೌತಮ್ ತೀರಿಕೊಂಡರು. ಆ ಕ್ಯಾಸೆಟ್ಟಿನ ಅವರದೊಂದು ಹಾಡಿನ ಧಾಟಿ 2006ರ ‘ಗ್ಯಾಂಗ್‌ಸ್ಟರ್’ ಹಿಂದಿ ಚಿತ್ರದಲ್ಲಿ ಬಾಂಗ್ಲಾದೇಶದ ಜೇಮ್ಸ್ ದನಿಯಲ್ಲಿ ಕೇಳಿಬಂದಾಗ ಇಡೀ ದೇಶ ಗುನುಗಿತು. ಅದರ ಹಿಂದಿನ ಸೆರೆಮನೆ, ಏಕತಾರಿ, ಮಾರಾಟವಾಗದ ಪ್ಲೇಟುಗಳ ಕಥೆ ಬಂಗಾಳದ ಹೊರಗೆ ತಿಳಿದವರು ಕಡಿಮೆ.

ಕುದುರೆಗಳಿಗೆ ಹೆಸರು ಸೂಚಿಸಿದ್ದ ರಂಜನ್ ಘೋಷಾಲ್ ಬೆಂಗಳೂರಿಗೆ ಬಂದು ನೆಲೆಸಿ, ಇಲ್ಲಿ ನಾಟಕಗಳನ್ನು ಆಡಿಸಿದರು. 2020ರ ಜುಲೈಯಲ್ಲಿ ಇಲ್ಲೇ ಕೊನೆಯುಸಿರೆಳೆದರು. ತಂಡದ ಇನ್ನೊಬ್ಬ ಸಂಸ್ಥಾಪಕ, ಎಲ್ಲರ ಬಾಪಿದಾ ಆದ ತಾಪಸ್ ದಾಸ್, ಕ್ಯಾನ್ಸರಿನಿಂದ 2023ರ ಜೂನ್ 25ರಂದು ಹೋದರು. ಅವರ ಚಿಕಿತ್ಸೆಗೆ ಗಡಿಯ ಎರಡೂ ಕಡೆಯ ಬಂಗಾಳಿ ಸಂಗೀತಗಾರರು ಹಣ ಕೂಡಿಸಿದರು. ಅವರಲ್ಲಿ ಅನೇಕರು ಆ ಮೊದಲ ಪ್ಲೇಟು ಬಂದಾಗ ಹುಟ್ಟಿಯೇ ಇರಲಿಲ್ಲ.